ಉರುಳಿಲ್ಲದೆ, ಈಡಿಲ್ಲದೆ ಗದ್ದೆ ಉಳಿಸಿಕೊಂಡಿದ್ದು: ನನ್ನ ಅನುಭವ

ಈ ಸಲವೂ ಭತ್ತ ಪೂರ್ತಿ ಕಣಕ್ಕೆ ಬಂತು. ಹೋದ ವರ್ಷವೂ ಬಂದಿತ್ತು. ಒಂದು ಉರುಳು ಹಾಕಿಲ್ಲ, ಒಂದು ಈಡು ಹೊಡೆದಿಲ್ಲ. ತೀರ್ಥಹಳ್ಳಿ ಕಡೆ, ಕಾಡಿನ ಅಂಚಿಗೇ ಇರುವ ಮೂರು ಎಕರೆ ಗದ್ದೆ ಇದು. ಹಂದಿ ಕಾಟ ಹೇಗಿರುತ್ತದೆ ಅಂತ ಮಲೆನಾಡಿನವರಿಗೆ ನಾನು ಹೇಳಬೇಕಾಗಿಲ್ಲ. ಝಟಕಾ ಹೊಡೆಯುವ ಸೋಲಾರ್ ತಂತಿ ಬೇಲಿ ಕಟ್ಟಿ ಹಂದಿ ತಡೆಯುತ್ತೇನೆ ಅಂದಾಗ ಊರಲ್ಲಿ ಕೋವಿ ಇರುವವರು ಯಾರೂ ನಂಬಲಿಲ್ಲ. "ಹೋಗಾ ಮಾರಾಯ, ದಸಿ ಬೇಲಿಗೇ ಬಗ್ಗದ್ದು ನಿನ್ನ ತಂತಿಗೆ ಬಗ್ಗುತ್ತದಾ?" ಅಂದರು ಹಿರಿಯ ಶಿಕಾರಿಯೊಬ್ಬರು. ಈಗ ಅವರ ಗದ್ದೆಗೂ ನಾನೇ ಹೋಗಿ ಬೇಲಿಯ ಸಾಲು ಗುರುತು ಮಾಡಿಕೊಟ್ಟಿದ್ದೇನೆ.

ಕೋವಿ ಹಿಡಿದವರೆಲ್ಲ ಒಂದೇ ಥರ ಅಂತ ಹೊರಗಿನವರು ತಿಳಿದಿದ್ದಾರೆ. ಹಾಗೇನಿಲ್ಲ. ನಮ್ಮೊಳಗೇ ದೊಡ್ಡ ಜಗಳವಿದೆ. ಹಳಬರಿಗೆ ಅವರದೇ ಕಟ್ಟುಪಾಡಿತ್ತು. ಮರಿ ಜೊತೆಗಿರುವ ಹೆಣ್ಣಿಗೆ ಈಡಿಲ್ಲ. ಗಾಯವಾದ ಪ್ರಾಣಿಯನ್ನು ಹುಡುಕದೆ ಮನೆಗೆ ಬರುವ ಹಾಗಿಲ್ಲ. ಅವರಿಗೆ ಉರುಳಿನವರನ್ನು ಕಂಡರೆ ಆಗದು. ಬಿಲ್ಲಿಗೆ, ಅಂದರೆ ಪ್ರಾಣಿ ನುಗ್ಗಿ ಬರುವ ದಾರಿಗೆ ಕೋವಿ ಹಿಡಿದು, ನಿಲ್ಲುವ ಧೈರ್ಯ ಇಲ್ಲದವರ ಕೆಲಸ ಅನ್ನುತ್ತಾರೆ. ಉರುಳಿನವರ ಮಾತೇ ಬೇರೆ: "ನಿಮಗೆ ಶಿಕಾರಿ ಖುಷಿ, ನಮಗೆ ಹೊಟ್ಟೆಪಾಡು. ಅರ್ಧ ಎಕರೆಯವನಿಗೆ ಕೋವಿ ಪರವಾನಗಿ ಯಾರು ಕೊಡ್ತಾರೆ?" ಇದರಲ್ಲೂ ಸತ್ಯ ಇದೆ, ಅಲ್ವಾ? ಮೂರನೆಯವರು ಕಾನೂನೇ ಸರಿ ಇಲ್ಲ ಅನ್ನುವವರು. ಕೇರಳದಲ್ಲಿ 2022ರಿಂದ ಕಾಟ ಕೊಡುವ ಹಂದಿಯನ್ನು ಹೊಡೆಸಲು ಪಂಚಾಯಿತಿ ಅಧ್ಯಕ್ಷರೇ ಅನುಮತಿ ಕೊಡಬಹುದು, ನಮಗೇಕಿಲ್ಲ ಅಂತ ಕೇಳುತ್ತಾರೆ. ಜೊತೆಗೆ ಕೊಡಗಿನವರನ್ನೂ ತೋರಿಸುತ್ತಾರೆ. ಅಲ್ಲಿ ಕೊಡವರಿಗೆ, ಜಮ್ಮಾ ಅನ್ನುವ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ 2029ರವರೆಗೆ ಇರುವುದು ಕೋವಿ ಪರವಾನಗಿಯ ವಿನಾಯಿತಿ. ಬೇಟೆಗೆ ವಿನಾಯಿತಿ ಅಲ್ಲ. ಇದನ್ನು ಎಷ್ಟು ಸಲ ಹೇಳಿದರೂ ನಮ್ಮವರ ತಲೆಗೆ ಹೋಗುವುದಿಲ್ಲ.

1972ರ ವನ್ಯಜೀವಿ ಕಾಯ್ದೆ ನೋಡಿದರೆ ಉರುಳು ಹಾಕುವುದೂ ಬೇಟೆ, ಹಾಕಲು ಯತ್ನಿಸುವುದೂ ಬೇಟೆ. 2022ರ ತಿದ್ದುಪಡಿಯಲ್ಲಿ ಸಾಮಾನ್ಯ ಅಪರಾಧದ ದಂಡದ ಮಿತಿ 25 ಸಾವಿರದಿಂದ 1 ಲಕ್ಷಕ್ಕೆ ಏರಿದೆ. ಆದರೆ ನಾನು ದಂಡಕ್ಕೆ ಹೆದರಿ ಈ ದಾರಿಗೆ ಬಂದವನಲ್ಲ. ಪಕ್ಕದ ಊರಲ್ಲಿ ಹಂದಿಗೆ ಅಂತ ಇಟ್ಟ ಉರುಳಿಗೆ ಚಿರತೆ ಬಿತ್ತು. ಬೈಕಿನ ಕ್ಲಚ್ ಕೇಬಲ್ ಸೊಂಟಕ್ಕೆ ಬಿಗಿದಿತ್ತು. ಅರಣ್ಯ ಇಲಾಖೆಯವರು ಅರಿವಳಿಕೆ ಕೊಟ್ಟು ಬಿಡಿಸುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಅಲ್ಲಿವರೆಗೆ ಅದು ಕೂಗಿದ್ದನ್ನು ನಾನು ಕೇಳಿದ್ದೇನೆ. ಉರುಳಿಗೆ ಹಂದಿ, ಚಿರತೆ, ಮನೆ ನಾಯಿ ಎಲ್ಲ ಒಂದೇ. ಇನ್ನು ಕೋವಿ. ಕತ್ತಲಲ್ಲಿ ಹಂದಿ ಅಂತ ಮನುಷ್ಯನಿಗೇ ಹೊಡೆದ ಸುದ್ದಿ ನಮ್ಮ ಕಡೆ ಹೊಸದಲ್ಲ. ಚುನಾವಣೆ ಬಂತೆಂದರೆ ಕೋವಿ ಠಾಣೆಯಲ್ಲಿ ಕೂರುತ್ತದೆ. ಹಂದಿಗೆ ಚುನಾವಣೆ ಗೊತ್ತಿಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಕ್ಷೌರದ ಅಂಗಡಿಯ ಕೂದಲು ಚೆಲ್ಲಿದೆ. ಹಳೇ ಸೀರೆ ಸುತ್ತಿದೆ. ಕೊಳೆತ ಮೊಟ್ಟೆಯ ನೀರು ಹೊಡೆದೆ. ಮಿಣುಕು ದೀಪ, ಪಟಾಕಿ ಎಲ್ಲ ಆಯಿತು. ಯಾವುದೂ ಒಂದು ವಾರದ ಮೇಲೆ ನಡೆಯಲಿಲ್ಲ. ದೀಪಕ್ಕೇ ಐದಾರು ಸಾವಿರ ಹೋಯಿತು. ಕೊನೆಗೆ ಆ ದೀಪದ ಬೆಳಕಲ್ಲೇ ಹಂದಿ ಮೇಯುತ್ತಿದ್ದವು.

ಆಮೇಲೆ ಸೋಲಾರ್ ಬೇಲಿ. ಇದನ್ನು ಹಾಕಿಸಿ ಸೋತವರು ಸುತ್ತಮುತ್ತ ತುಂಬಾ ಜನ ಇದ್ದಾರೆ. ತಂತಿಗೆ ಝಟಕಾ ಕೊಡುವ ಯಂತ್ರ ಅದೇ, ತಂತಿ ಅದೇ. ವ್ಯತ್ಯಾಸ ಇರುವುದು ಕಟ್ಟುವುದರಲ್ಲಿ. ಹಂದಿಯ ಮೈಮೇಲೆ ದಪ್ಪ ಬಿರುಗೂದಲು, ಅಲ್ಲಿ ತಾಗಿದರೆ ಅದಕ್ಕೆ ಲೆಕ್ಕಕ್ಕಿಲ್ಲ. ತಾಗಬೇಕಾದ್ದು ಒದ್ದೆ ಮೂತಿಗೆ. ಮೂತಿಗೆ ತಾಗಿದರೆ ಹಿಂದಕ್ಕೆ ಹಾರುತ್ತದೆ. ಕಿವಿ ದಾಟಿ ಹಿಂದೆ ತಾಗಿದರೆ ಮುಂದಕ್ಕೇ ನುಗ್ಗುತ್ತದೆ, ತಂತಿ ಹರಿದು ಗದ್ದೆಯೊಳಗೆ ಬೀಳುತ್ತದೆ. ಅದಕ್ಕೆ ಕೆಳಗಿನ ಸಾಲು ನೆಲದಿಂದ ಒಂದು ಗೇಣು, ಅದರ ಮೇಲಿನದು ಸುಮಾರು ಒಂದೂವರೆ ಅಡಿ. ಇಳಿಜಾರಿನ ಬುಡದಲ್ಲಿ ಕಟ್ಟಬೇಡಿ. ಇಳಿದು ಬರುವ ಹಂದಿಗೆ ನಿಲ್ಲಲು ಆಗುವುದಿಲ್ಲ. ನಾನು ಗದ್ದೆಯ ಅಂಚಿನಿಂದ ಏಳೆಂಟು ಅಡಿ ಜಾಗ ಬಿಟ್ಟುಕೊಟ್ಟೆ. "ಹಂದಿಗೆ ಜಾಗ ಬರೆದುಕೊಟ್ಟ" ಅಂತ ನಕ್ಕರು. ನಕ್ಕವರ ಗದ್ದೆ ಹೋಯಿತು, ನನ್ನದು ಉಳಿಯಿತು.

ಶಿಕಾರಿ ಮನೆಯಲ್ಲಿ ಹುಟ್ಟಿದ್ದು ಇಲ್ಲಿ ಉಪಯೋಗಕ್ಕೆ ಬಂತು. ಹಂದಿ ಕಂಡಕಂಡಲ್ಲಿ ನುಗ್ಗುವುದಿಲ್ಲ. ಅದಕ್ಕೆ ಅದರದೇ ಗಂಡಿಗಳಿವೆ, ಅಂದರೆ ನುಸುಳಿ ಬರುವ ದಾರಿಗಳು. ಮರಸು, ಅಂದರೆ ಪ್ರಾಣಿಗೆ ಕಾಯುತ್ತ ಮರೆಯಲ್ಲಿ, ಎಲ್ಲಿ ಕೂರಬೇಕು ಅಂತ ಅಪ್ಪ ತೋರಿಸಿದ ಜಾಗಗಳೇ ಈಗ ನನಗೆ ಬೇಲಿಯ ಗಟ್ಟಿ ಜಾಗಗಳು. ಆ ಗಂಡಿಗಳಲ್ಲಿ ತಂತಿಗೆ ಒಂದು ಸಾಮಾನು ಸವರುತ್ತೇನೆ. ಹಂದಿ ಮೂಸಲೇಬೇಕು, ಮೂತಿ ತಾಗಲೇಬೇಕು. ಅದೇನು ಅಂತ ಇಲ್ಲಿ ಬರೆಯುವುದಿಲ್ಲ. ವಿಷವಲ್ಲ, ಅಡುಗೆಮನೆಯಲ್ಲೇ ಇರುವುದು.

ಇನ್ನೊಂದು, ಭತ್ತ ಹಾಲು ತುಂಬುವ ಮೊದಲೇ, ಒಂದು ತಿಂಗಳ ಹಿಂದೆಯೇ ಯಂತ್ರ ಚಾಲು ಆಗಬೇಕು. ಒಮ್ಮೆ ಕಾಳಿನ ರುಚಿ ಕಂಡ ಹಿಂಡು ಯಾವ ತಂತಿಗೂ ಹೆದರುವುದಿಲ್ಲ. ಬೇಲಿ ಕೈಕೊಟ್ಟಿತು ಅನ್ನುವವರಲ್ಲಿ ಜಾಸ್ತಿ ಜನ ತಡವಾಗಿ ಕಟ್ಟಿದವರು.

ಮಳೆಗಾಲವೇ ದೊಡ್ಡ ಶತ್ರು. ಹುಲ್ಲು ಬೆಳೆದು ತಂತಿಗೆ ತಾಗಿದರೆ ಕರೆಂಟೆಲ್ಲ ನೆಲಕ್ಕೆ ಇಳಿಯುತ್ತದೆ. ವಾರಕ್ಕೊಮ್ಮೆ ಹುಲ್ಲು ಸವರಿ ತೆಗೆಯಲೇಬೇಕು. ಜುಲೈಯಲ್ಲಿ ಬಿಸಿಲೇ ಇಲ್ಲದೆ ಬ್ಯಾಟರಿ ಸತ್ತುಹೋಯಿತು. ಆಮೇಲೆ ಎರಡನೇ ಬ್ಯಾಟರಿ ತಂದು, ಮನೆಯಲ್ಲಿ ಚಾರ್ಜ್ ಮಾಡಿ ಬದಲಿಸುವ ಪದ್ಧತಿ ಮಾಡಿಕೊಂಡೆ. ಬೇಸಿಗೆಯಲ್ಲಿ ತರಕಾರಿ ಹಾಕಿದಾಗ ಇನ್ನೊಂದು ತೊಂದರೆ: ನಮ್ಮ ಒಣ ಜಂಬಿಟ್ಟಿಗೆ ನೆಲದಲ್ಲಿ ಅರ್ಥಿಂಗ್ ಹಿಡಿಯುವುದಿಲ್ಲ. ಮೂರು ಸರಳು ಹೊಡೆದು, ಇದ್ದಿಲು ಉಪ್ಪು ಹಾಕಿ, ನೀರು ಹೊಯ್ದ ಮೇಲೆ ಸರಿಯಾಯಿತು. ಮೀಟರ್ ಆರೇಳು ಸಾವಿರ ವೋಲ್ಟ್ ತೋರಿಸಬೇಕು. ಝಟಕಾ ಯಂತ್ರ ಇಲ್ಲದೆ ಮನೆಯ ಕರೆಂಟನ್ನು ನೇರ ತಂತಿಗೆ ಕೊಡುವವರ ಜೊತೆ ನನಗೆ ಮಾತೇ ಇಲ್ಲ. ಅದು ಆನೆಯನ್ನೂ ಕೊಲ್ಲುತ್ತದೆ, ಪಕ್ಕದ ಮನೆಯ ಮಗುವನ್ನೂ ಕೊಲ್ಲುತ್ತದೆ.

ನಡುವೆ ಜೇನಿನ ಪ್ರಯೋಗವೂ ಆಯಿತು. 2021ರಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದವರು ಕೊಡಗಿನಲ್ಲಿ ಆನೆ ತಡೆಯಲು ಜೇನುಪೆಟ್ಟಿಗೆ ಇಟ್ಟಿದ್ದರು. ಅದನ್ನು ಓದಿ ಬೇಲಿ ಸಾಲಿಗೆ ತುಡುವೆ ಜೇನಿನ ಪೆಟ್ಟಿಗೆ ಇಟ್ಟೆ. ಹಂದಿ ಬರುವುದು ರಾತ್ರಿ, ಜೇನು ಹಾರುವುದು ಹಗಲು. ಪೆಟ್ಟಿಗೆಯ ಬುಡದಲ್ಲೇ ನೆಲ ಅಗೆದು ಹೋಗಿದ್ದವು. ಆದರೆ ತುಪ್ಪ ಚೆನ್ನಾಗಿ ಬಂತು, ಪೆಟ್ಟಿಗೆಗಳು ಈಗಲೂ ಇವೆ.

ಖರ್ಚು ನೆನಪಿದ್ದಷ್ಟು ಹೇಳುತ್ತೇನೆ. ಯಂತ್ರ, ಪ್ಯಾನೆಲ್, ಬ್ಯಾಟರಿ ಸೇರಿ ಇಪ್ಪತ್ತು ಸಾವಿರದ ಹತ್ತಿರ. ತಂತಿ, ಇನ್ಸುಲೇಟರಿಗೆ ಹತ್ತು ಹನ್ನೆರಡು. ಗೂಟ ತೋಟದ್ದೇ. ಇನ್ಸುಲೇಟರಿನಲ್ಲಿ ಉಳಿಸಲು ಹಳೇ ಪೈಪ್ ತುಂಡು ಹಾಕಿದ್ದೆ. ಬಿಸಿಲಲ್ಲಿ ಸರಿ ಇತ್ತು, ಮಳೆಗೆ ಎಲ್ಲ ಕಡೆ ಸೋರಿತು. ಬೇಲಿ ಇಲ್ಲದ ವರ್ಷ ಹತ್ತು ಹದಿನೈದು ಕ್ವಿಂಟಾಲ್ ಭತ್ತ ಹಂದಿ ಪಾಲಾಗುತ್ತಿತ್ತು. ಎರಡು ಬೆಳೆಗೆ ಹಾಕಿದ ದುಡ್ಡು ವಾಪಸ್.

ಕೆಳಗಿನ ಗದ್ದೆಯವರಿಬ್ಬರು ಉರುಳು ಕಿತ್ತುಹಾಕಿ ನನ್ನ ಸಾಲಿಗೇ ತಂತಿ ಸೇರಿಸಿದ್ದಾರೆ. ಯಂತ್ರ ಒಂದೇ, ಹುಲ್ಲು ಸವರುವ ಪಾಳಿ ಹಂಚಿಕೊಂಡಿದ್ದೇವೆ. ಕಾನೂನಿನ ಬಗ್ಗೆ ಅವರ ಅಭಿಪ್ರಾಯ ಇವತ್ತಿಗೂ ಬದಲಾಗಿಲ್ಲ, ನನ್ನದೂ ಬದಲಾಗಿಲ್ಲ. ಸಾಲು ಹಿಡಿಯುವುದನ್ನು ನೋಡಬೇಕು ಅನ್ನುವವರು ಆಗಸ್ಟ್ ಒಳಗೆ ಬನ್ನಿ. ಹಾಲು ತುಂಬಿದ ಮೇಲೆ ಬಂದು ಕೇಳಿದರೆ ಆ ವರ್ಷಕ್ಕೆ ನನ್ನಿಂದಲೂ ಏನೂ ಆಗದು.