ಕಂಬ ನೋಡಿ ಕನೆಕ್ಷನ್ ಹಾಕಿಸಿದೆ

"ಹೆಣ್ಣು ನೋಡೋಕೆ ಹೋಗೋದು ಗೊತ್ತು ಭಾವ, ಕಂಬ ನೋಡೋಕೆ ಹೋಗೋರನ್ನ ಇದೇ ಮೊದಲು ನೋಡ್ತಿರೋದು" ಅಂತ ನನ್ನ ಭಾಮೈದ ನಕ್ಕಿದ್ದ. ಮನೆಗೆ ಇಂಟರ್ನೆಟ್ ಹಾಕಿಸುವ ಮೊದಲು ಅದರ ವೈರು ಬರುವ ಕಂಬಗಳನ್ನು ನೋಡಿ ಬರುತ್ತೇನೆ ಅಂದಿದ್ದಕ್ಕೆ ಆ ನಗು. ಅವನಿಗೆ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಇಂಟರ್ನೆಟ್ ಅಂದರೆ ಏನು ಅಂತ ನನಗೆ ಪಾಠ ಮಾಡುವ ಹಕ್ಕು ತನಗಿದೆ ಅಂದುಕೊಂಡಿದ್ದಾನೆ. ಈಗ ನಕ್ಕು ಒಂದೂವರೆ ವರ್ಷ ಆಯಿತು. ಹೊಸ ಕನೆಕ್ಷನ್ ಹದಕ್ಕೆ ಬಂದ ಮೇಲೆ ನನ್ನ ಒಂದು ಕ್ಲಾಸೂ ನೆಟ್ ಹೋಗಿ ನಿಂತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆ ಮೈಸೂರಿನ ಸರಸ್ವತಿಪುರಂನಲ್ಲಿ. ಫೈರ್ ಬ್ರಿಗೇಡ್‌ನಿಂದ ನಡೆದೇ ಬರಬಹುದು. ಅಪ್ಪ ಕಟ್ಟಿಸಿದ ಮನೆ, ಗೋಡೆಗಳು ದಪ್ಪ. ಮಹಡಿ ಮೇಲಿನ ರೂಮಿನಲ್ಲಿ ಕೂತು ಪಿಯುಸಿ ಮಕ್ಕಳಿಗೆ ಆನ್‌ಲೈನ್ ಗಣಿತ ಹೇಳಿಕೊಡುತ್ತೇನೆ, ಸಂಜೆ ಆರರಿಂದ ಒಂಬತ್ತು. ಅಂದರೆ ಇಡೀ ಬೀದಿ ಟಿವಿ ಮುಂದೆ ಕೂರುವ ಹೊತ್ತಿಗೇ ನನಗೆ ನೆಟ್ ಬೇಕು. ಬೆಳಿಗ್ಗೆ ಹನ್ನೊಂದಕ್ಕೆ ಎಷ್ಟು ಸ್ಪೀಡ್ ಬಂದರೇನು, ನನಗೆ ಅದು ಉಪ್ಪಿನಕಾಯಿಗೂ ಬೇಡ.

ಕಳೆದುಕೊಂಡ ದುಡ್ಡಿನ ಲೆಕ್ಕ ಮೊದಲು. 2020ರಲ್ಲಿ ಲಾಕ್‌ಡೌನ್ ಆದಾಗ ನಮ್ಮ ಬೀದಿಯ ಒಬ್ಬ ಕೇಬಲ್‌ನವರ ಹತ್ತಿರ ಹಾಕಿಸಿದೆ. ಆರು ತಿಂಗಳಿಗೆ ಮುಂಗಡ, ಮೂರು ಸಾವಿರದ ಚಿಲ್ಲರೆ. ಪಕ್ಕದ ಮನೆ ತಾರಸಿಯ ಮೇಲೆ ಒಂದು ಡಬ್ಬ, ಅದರೊಳಗೆ ಸ್ವಿಚ್ (ಒಂದು ಲೈನನ್ನು ಹಲವು ಮನೆಗೆ ಹಂಚುವ, ಕರೆಂಟಿನಲ್ಲಿ ನಡೆಯುವ ಯಂತ್ರ), ಅಲ್ಲಿಂದ ನಮ್ಮ ಮನೆಗೆ ತಾಮ್ರದ ಲ್ಯಾನ್ ವೈರು. ಫೈಬರ್, ಅಂದರೆ ಬೆಳಕು ಸಾಗಿಸುವ ಗಾಜಿನ ಎಳೆ, ಅಂತ ಹೇಳಿದ್ದರು. ಫೈಬರ್ ಇತ್ತು, ಆ ಡಬ್ಬದವರೆಗೆ! ಆ ಮನೆಯಲ್ಲಿ ಕರೆಂಟ್ ಹೋದರೆ ನಮ್ಮ ನೆಟ್ ಹೋಗುತ್ತಿತ್ತು. ಅವರು ಊರಿಗೆ ಹೊರಟಾಗ ಮೇನ್ ಸ್ವಿಚ್ ಆರಿಸಿದರು, ಎರಡು ದಿನ ನಾನು ಮೊಬೈಲ್ ಡೇಟಾದಲ್ಲಿ ಪಾಠ ಮಾಡಿದೆ. ಮುಂದಿನ ಏಪ್ರಿಲ್‌ನಲ್ಲಿ ಒಂದು ರಾತ್ರಿ ಗುಡುಗು ಮಳೆ. ತಾರಸಿ ವೈರಿನ ಮೂಲಕ ಸಿಡಿಲಿನ ಏಟು ಬಂದು ರೂಟರ್ ಸತ್ತಿತು, ಲ್ಯಾಪ್‌ಟಾಪಿನ ಲ್ಯಾನ್ ಪೋರ್ಟೂ ಸತ್ತಿತು. ಸುಮಾರು ನಾಲ್ಕೂವರೆ ಸಾವಿರ. ಗಾಜಿನ ಎಳೆಯಲ್ಲಿ ಸಿಡಿಲು ಬರಲ್ಲ, ತಾಮ್ರದಲ್ಲಿ ಆರಾಮಾಗಿ ಬರುತ್ತದೆ. ಇದು ನನಗೆ ಪುಸ್ತಕದಲ್ಲಿ ಗೊತ್ತಿತ್ತು, ಜೇಬಿನಲ್ಲಿ ಆಮೇಲೆ ಗೊತ್ತಾಯಿತು.

ಎರಡನೇ ಸಲ ಭಾಮೈದನ ಮಾತು ಕೇಳಿದೆ. "ದೊಡ್ಡ ಕಂಪನಿ ಹಾಕಿಸಿ ಭಾವ, ತಲೆನೋವೇ ಇರಲ್ಲ." 999ರ ಪ್ಲಾನು, ಒಂದು ವರ್ಷದ್ದು ಒಟ್ಟಿಗೆ ಕಟ್ಟಿದರೆ ಒಂದು ತಿಂಗಳು ಫ್ರೀ. ಕಟ್ಟಿದೆ. ಸ್ಪೀಡ್ ಟೆಸ್ಟ್ ಮಾಡಿದರೆ ಮುಳ್ಳು 150ಕ್ಕೆ ಹೋಗಿ ನಿಲ್ಲುತ್ತಿತ್ತು. ಏಳು ಗಂಟೆಗೆ ಕ್ಲಾಸಿನಲ್ಲಿ ಮಾತ್ರ "ಸಾರ್, ನಿಮ್ಮ ವಾಯ್ಸ್ ಕಟ್ ಆಗ್ತಿದೆ." ದೂರು ಕೊಟ್ಟರೆ ಹುಡುಗ ಬಂದು ಅದೇ ಸ್ಪೀಡ್ ಟೆಸ್ಟ್ ಒತ್ತಿ ತೋರಿಸಿ, "ಸ್ಪೀಡ್ ಬರ್ತಾ ಇದೆಯಲ್ಲ ಸಾರ್" ಅಂದು ಹೋಗುತ್ತಿದ್ದ. ಆ ಟೆಸ್ಟಿನ ಸರ್ವರ್ ಬಹಳ ಸಲ ಕಂಪನಿಯ ನೆಟ್‌ವರ್ಕ್ ಒಳಗೇ ಇರುತ್ತದೆ. ಮನೆ ಗೇಟಿನವರೆಗೆ ಓಡಿ ಬಂದು ಮ್ಯಾರಥಾನ್ ಗೆದ್ದೆ ಅಂದ ಹಾಗೆ. ಆ ವರ್ಷ ಮೂವರು ಮಕ್ಕಳು ಮಧ್ಯದಲ್ಲೇ ಬಿಟ್ಟರು. ಒಬ್ಬರ ತಂದೆಗೆ ಫೀಸು ವಾಪಸ್ ಕೊಟ್ಟೆ, ಆರು ಸಾವಿರ. ಕಂಪನಿಯಿಂದ ಉಳಿದ ತಿಂಗಳುಗಳ ಹಣ ಕೇಳಿದೆ, ಅದು ಇವತ್ತಿಗೂ ಬಂದಿಲ್ಲ.

ಮಧ್ಯೆ ತಾರಸಿಗೆ ಬಿಳಿ ಡಬ್ಬ ಹಾಕುವ ವೈರ್‌ಲೆಸ್ಸೂ ನೋಡಿದೆ. ಹಗಲು ಚೆನ್ನ, ಸಂಜೆ ಪಿಂಗ್ (ಕಳಿಸಿದ ಪುಟ್ಟ ಸಂದೇಶಕ್ಕೆ ಉತ್ತರ ಬರಲು ಹಿಡಿಯುವ ಸಮಯ) ಕುಣಿಯುತ್ತದೆ. ಹದಿನೈದು ದಿನಕ್ಕೆ ಬಿಚ್ಚಿಸಿದೆ.

ಆಮೇಲೆ ಕೂತು ಯೋಚಿಸಿದೆ. ಮೂರು ಸಲವೂ ನಾನು ಪ್ಲಾನಿನ ಕಾಗದ ನೋಡಿ ಆರಿಸಿದ್ದೆ. ಕೆಟ್ಟದ್ದೆಲ್ಲ ನಮ್ಮ ಮನೆಯಿಂದ ಅರ್ಧ ಕಿಲೋಮೀಟರ್ ಒಳಗೇ ಕೆಟ್ಟಿತ್ತು. ಡಬ್ಬ, ಕಂಬ, ಕೊಂಬೆ, ಜಾಯಿಂಟು, ಬರಬೇಕಾದ ಲೈನ್‌ಮ್ಯಾನ್. ಆ ಅರ್ಧ ಕಿಲೋಮೀಟರನ್ನು ಯಾವ ಜಾಹೀರಾತೂ ಹೇಳಲ್ಲ, ನಾವೇ ನಡೆದು ನೋಡಬೇಕು.

ಸರಿ, ನಡೆದೆ. ಮೂರು ಭಾನುವಾರ, ಸಂಜೆ ಏಳೂವರೆಯಿಂದ ಒಂಬತ್ತು. ಕೈಯಲ್ಲಿ ಲ್ಯಾಪ್‌ಟಾಪ್, ಹೆಗಲಿಗೆ ಹತ್ತು ಮೀಟರ್ ಲ್ಯಾನ್ ವೈರು ಸುತ್ತಿಕೊಂಡು ಹಾವಾಡಿಗನ ಹಾಗೆ. ಒಟ್ಟು ಹನ್ನೊಂದೋ ಹನ್ನೆರಡೋ ಮನೆ. "ರೀ, ಜನ ಏನಂದುಕೊಳ್ಳಲ್ಲ?" ಅಂತ ನನ್ನ ಹೆಂಡತಿಗೆ ಸಂಕೋಚ. ಜನ ಏನೂ ಅಂದುಕೊಳ್ಳಲಿಲ್ಲ. ಎಲ್ಲರಿಗೂ ತಮ್ಮ ನೆಟ್ಟಿನ ಮೇಲೆ ಹೇಳಿಕೊಳ್ಳೋಕೆ ಒಂದು ಕಷ್ಟ ಇತ್ತು. ಕಾಫಿ ಕೊಟ್ಟು ಹೇಳಿದರು. ಮೂರನೇ ಮನೆ ಕಾಫಿಯ ನಂತರ ನನಗೆ ನಿದ್ದೆ ಬರಲಿಲ್ಲ, ಅದು ಬೇರೆ.

ಪ್ರತಿ ಮನೆಯಲ್ಲೂ ವೈಫೈ ಬಿಟ್ಟು ನೇರ ರೂಟರಿಗೆ ವೈರು ಚುಚ್ಚಿ ಎರಡು ಪಿಂಗ್ ಓಡಿಸುತ್ತಿದ್ದೆ, ಮುನ್ನೂರು ಮುನ್ನೂರು ಸಲ. ಒಂದು, ಕಂಪನಿಯ ಮೊದಲ ಹಾಪ್‌ಗೆ, ಅಂದರೆ ಮನೆಯ ಲೈನು ಹೋಗಿ ಸೇರುವ ಅವರ ಮೊದಲ ಯಂತ್ರಕ್ಕೆ. ಇನ್ನೊಂದು, ಅದನ್ನು ದಾಟಿ ಹೊರಗಿನ ಇಂಟರ್ನೆಟ್ಟಿಗೆ. ಮೊದಲ ಹಾಪೇ ತೊದಲಿದರೆ ತಪ್ಪು ಲೈನಿನದು. ಅದು ಸರಿಯಿದ್ದು ಹೊರಗಿನದು ತೊದಲಿದರೆ ಕಂಪನಿ ಸಂಜೆ ಹೊತ್ತು ಉಸಿರುಗಟ್ಟುತ್ತಿದೆ ಅಂತ ಅರ್ಥ. ಸರಾಸರಿ ಬರೆದುಕೊಳ್ಳಬೇಡಿ. ಸರಾಸರಿ ಎಲ್ಲರದ್ದೂ ಚೆನ್ನಾಗೇ ಇರುತ್ತದೆ. ನೂರು ಮಿಲಿಸೆಕೆಂಡ್ ದಾಟಿದವು ಎಷ್ಟು, ಕಳೆದುಹೋದವು ಎಷ್ಟು, ಅಷ್ಟೇ ಸಾಕು. ನನ್ನ ಆ 999ರ ಲೈನಿನಲ್ಲಿ ಮುನ್ನೂರಕ್ಕೆ ಇಪ್ಪತ್ತರ ಮೇಲೆ ಹಾಳು. ಎರಡು ಬೀದಿ ಆಚೆ ಒಬ್ಬ ನಿವೃತ್ತ ಮೇಷ್ಟ್ರ ಮನೆಯಲ್ಲಿ 399ರ ಪ್ಲಾನು, ಒಂದೇ ಒಂದು ಹಾಳಿರಲಿಲ್ಲ. ಅವರಿಗೆ ಅದು ಗೊತ್ತೂ ಇರಲಿಲ್ಲ. ವಾಟ್ಸಾಪ್ ನೋಡಲು ಹಾಕಿಸಿದ್ದರು!

ಪಿಂಗ್ ಮುಗಿದ ಮೇಲೆ ಮೂರು ಪ್ರಶ್ನೆ. ಹೋದ ಮಳೆಗಾಲದಲ್ಲಿ ಎಷ್ಟು ದಿನ ಸತ್ತಿತ್ತು? ದೂರು ಕೊಟ್ಟ ಮೇಲೆ ಎಷ್ಟನೇ ದಿನಕ್ಕೆ ಬಂದರು? ಬರುವವನು ಯಾರು? ಮೂರನೆಯದರಲ್ಲೇ ಇರುವುದು ಗಮ್ಮತ್ತು. ಬೇರೆ ಬೇರೆ ಎರಡು ಕಂಪನಿಯವರ ಮನೆಗೆ ಬರುವವನು ಒಬ್ಬನೇ ಹುಡುಗ ಅಂತ ಗೊತ್ತಾಯಿತು. ಮರುದಿನ ಹೋಗಿ ವೈರು ಹಿಂಬಾಲಿಸಿದರೆ ಎರಡೂ ಒಂದೇ ಕಂಬದ ಒಂದೇ ಡಬ್ಬಕ್ಕೆ ಹೋಗುತ್ತಿದ್ದವು. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಅಂತ ಅವೆರಡನ್ನೂ ಹಾಕಿಸಿಕೊಂಡವರು ನಮ್ಮ ಬೀದಿಯಲ್ಲೇ ಇದ್ದಾರೆ. ಒಂದು ಕೊಂಬೆ ಬಿದ್ದರೆ ಎರಡೂ ಹೋಗುತ್ತದೆ, ಪಾಪ.

ಡಬ್ಬ ನೋಡುವುದೂ ಒಂದು ವಿದ್ಯೆ. ಡಬ್ಬಕ್ಕೆ ಕರೆಂಟ್ ವೈರು ಹೋಗಿದ್ದರೆ ಒಳಗೆ ಸ್ವಿಚ್ ಇದೆ, ಕರೆಂಟ್ ಹೋದರೆ ಅದೂ ಹೋಗುತ್ತದೆ. ಬರೀ ಫೈಬರ್ ಎಳೆಗಳಿದ್ದರೆ ಸ್ಪ್ಲಿಟರ್. ಅದು ಸುಮ್ನೆ ಬೆಳಕನ್ನು ಹಂಚುತ್ತದೆ, ಕರೆಂಟ್ ಬೇಡ.  ಒಂದು ಡಬ್ಬಕ್ಕೆ ಮುಚ್ಚಳವೇ ಇರಲಿಲ್ಲ, ಒಳಗೆ ಇರುವೆ ಗೂಡು. ಆ ಕಂಪನಿಯನ್ನು ಅಲ್ಲೇ ಹೊಡೆದುಹಾಕಿದೆ.

ಕೊನೆಗೆ ಉಳಿದಿದ್ದು ಎರಡು. ಒಂದು ನಮ್ಮ ಮನೆ ಮುಂದಿನ ಮೇನ್ ರೋಡಿನ ಕಂಬದಿಂದ ಬರುವುದು. ಇನ್ನೊಂದು, ಮೇಷ್ಟ್ರ ಮನೆಯದು, ನಮ್ಮ ಹಿಂದಿನ ಕನ್ಸರ್ವೆನ್ಸಿಯಲ್ಲಿ, ಅಂದರೆ ಮನೆಗಳ ಹಿತ್ತಿಲ ಓಣಿಯಲ್ಲಿ, ಹಾದು ಬರುವುದು. ದಾರಿ ಬೇರೆ, ಡಬ್ಬ ಬೇರೆ, ಹುಡುಗರು ಬೇರೆ. ಎರಡನ್ನೂ ಹಾಕಿಸಿಬಿಟ್ಟೆ.

"ಎರಡು ಕನೆಕ್ಷನ್ನಾ? ದುಡ್ಡು ಜಾಸ್ತಿ ಆಯ್ತಾ ಭಾವ?" ಅಂದ ಭಾಮೈದ. ಲೆಕ್ಕ ಹೇಳಿದೆ. 999ಕ್ಕೆ 18 ಪರ್ಸೆಂಟ್ ಜಿಎಸ್‌ಟಿ ಸೇರಿ 1,179. ಈಗ ಒಂದು 599, ಇನ್ನೊಂದು 399, ಜಿಎಸ್‌ಟಿ ಸೇರಿ 1,178. ಒಂದು ರೂಪಾಯಿ ಉಳಿತಾಯ. ಆ ಫೋನು ಆಮೇಲೆ ಜಾಸ್ತಿ ಹೊತ್ತು ನಡೆಯಲಿಲ್ಲ. ಎರಡನ್ನೂ ತಿಂಗಳು ತಿಂಗಳು ಕಟ್ಟುತ್ತೇನೆ. ವರ್ಷದ್ದು ಮೊದಲೇ ಕಟ್ಟಿದವನ ದೂರಿಗೆ ಏನು ಬೆಲೆ ಅಂತ ನೋಡಿಯಾಗಿದೆ.

150 ಎಂಬಿಪಿಎಸ್ ಬಿಟ್ಟು ಚಿಕ್ಕ ಪ್ಲಾನಿಗೆ ಬಂದರೆ ಸಾಕಾಗುತ್ತಾ ಅಂತ ನೀವೂ ಕೇಳಬಹುದು. ನನ್ನ ಕ್ಲಾಸಿಗೆ ಅಪ್‌ಲೋಡ್ ಮೂರೋ ನಾಲ್ಕೋ ಎಂಬಿಪಿಎಸ್ ಸಾಕು. 2005ರಲ್ಲಿ ಬಿಎಸ್‌ಎನ್‌ಎಲ್ ಡೇಟಾವನ್ ಬಂದಾಗ 256 ಕೆಬಿಪಿಎಸ್‌ಗೆ ನಾವು ಬ್ರಾಡ್‌ಬ್ಯಾಂಡ್ ಅಂತ ಎದೆಯುಬ್ಬಿಸಿದ್ದೆವು. ಆ ಹೊತ್ತಿನ ಡೌನ್‌ಲೋಡ್ ಲೆಕ್ಕಕ್ಕಿಲ್ಲ ಅಂತ ರಾತ್ರಿ ಎರಡು ಗಂಟೆಗೆ ಅಲಾರಂ ಇಟ್ಟು ಎದ್ದು ಡೌನ್‌ಲೋಡ್ ಹಾಕಿ ಮಲಗುತ್ತಿದ್ದವರು ಕೈ ಎತ್ತಿ.

ಹಾಕಿಸಿದ ದಿನವೇ ಎಲ್ಲ ಸರಿಯಾಗಲಿಲ್ಲ. ಮನೆ ಮುಂದಿನ ಲೈನು ವಾರಕ್ಕೆರಡು ಸಲ ಕೆಂಪು ದೀಪ ಮಿನುಗಿಸಿ ಸಾಯುತ್ತಿತ್ತು. ಫೈಬರಿನಲ್ಲಿ ಬರುವ ಬೆಳಕು ಅಳೆಯುವ ಪವರ್ ಮೀಟರ್ ಆನ್‌ಲೈನಿನಲ್ಲಿ ತರಿಸಿದೆ, ಸಾವಿರದ ಆಸುಪಾಸು. ಇಟ್ಟು ನೋಡಿದರೆ ಮೈನಸ್ 26.8 ಡಿಬಿಎಂ. ಮೈನಸ್ ಅಂಕಿ ದೊಡ್ಡದಾದಷ್ಟು ಬೆಳಕು ಕಮ್ಮಿ ಅಂತ. ಮೈನಸ್ 27 ದಾಟಿದರೆ ಮೋಡೆಮ್ ಕುರುಡಾಗುತ್ತದೆ. ಬಿಸಿಲಿಗೆ, ಗಾಳಿಗೆ ಒಂದಿಷ್ಟು ಅಲ್ಲಾಡಿದರೂ ಮುಗಿಯಿತು. ಲೈನ್‌ಮ್ಯಾನ್ ಬಂದಾಗ ಮೀಟರ್ ಮೇಜಿನ ಮೇಲೆ ಇಟ್ಟೆ. "ನಿಮ್ಮ ಹತ್ರಾನೂ ಇದ್ಯಾ ಸಾರ್?" ಅಂದವನು ಆಮೇಲೆ ಸ್ಪೀಡ್ ಟೆಸ್ಟ್ ಸುದ್ದಿಯೇ ಎತ್ತಲಿಲ್ಲ. ಒತ್ತಿ ಸಿಕ್ಕಿಸುವ ಕನೆಕ್ಟರ್ ಎರಡು ಕಡೆ ಇತ್ತು. ತೆಗೆಸಿ ಸ್ಪ್ಲೈಸಿಂಗ್ ಮಿಷನ್‌ನಲ್ಲಿ ಬೆಸುಗೆ ಹಾಕಿಸಿದೆ, ಮೈನಸ್ 24ಕ್ಕೆ ಬಂತು. ಆಮೇಲೆ ಡಬ್ಬದಲ್ಲಿ ನಮ್ಮ ಪೋರ್ಟು ಬದಲಾಯಿತು, ಮೈನಸ್ 19. ಪೋರ್ಟ್ ಬದಲಿಸಲು ಅವನನ್ನು ಹೇಗೆ ಒಪ್ಪಿಸಿದೆ ಅಂತ ಬರೆಯಲ್ಲ. ದುಡ್ಡು ಕೊಟ್ಟಿಲ್ಲ, ಅಷ್ಟು ಹೇಳಬಲ್ಲೆ. ಬರೆದರೆ ನಾಳೆ ಇಡೀ ಸರಸ್ವತಿಪುರಂ ಅದನ್ನೇ ಮಾಡುತ್ತದೆ, ಒಳ್ಳೆ ಪೋರ್ಟು ಅಷ್ಟೊಂದು ಇಲ್ಲ.

ಮೀಟರ್ ಕೈಗೆ ಬಂದ ಮೇಲೆ ನನಗೆ ಹುಚ್ಚು ಹಿಡಿಯಿತು. ಮೋಡೆಮ್ಮಿಗೆ ಚುಚ್ಚುವ ತುಂಡು ಫೈಬರ್ ಕೇಬಲನ್ನು, ಹಳೆಯ ಹಳದಿ ಪ್ಯಾಚ್ ಕಾರ್ಡನ್ನು, ಪೆನ್ಸಿಲಿಗೆ ಒಂದು ಸುತ್ತು ಸುತ್ತಿದೆ, ಬೆಳಕು ಸರಕ್ಕನೆ ಇಳಿಯಿತು. ಮೂರು ಸುತ್ತಿಗೆ ನೆಟ್ಟೇ ಹೋಯಿತು. ಕಂಬದಿಂದ ಮನೆಗೆ ಎಳೆಯುವ ಈಗಿನ ಡ್ರಾಪ್ ಕೇಬಲ್ ಅಷ್ಟು ಬೇಗ ಸೋಲಲ್ಲ, ಅದನ್ನೂ ಸುತ್ತಿ ನೋಡಿದೆ. ಈ ಆಟ ಉಪಯೋಗಕ್ಕೂ ಬಂತು. ಎದುರು ಮನೆಯವರ ಲೈನು ಯಾಕೆ ಸಾಯುತ್ತಿತ್ತು ಅಂದರೆ, ಕಿಟಕಿ ಸರಳಿಗೆ ಬೈಂಡಿಂಗ್ ವೈರಿನಲ್ಲಿ ಬಿಗಿದು ಕಟ್ಟಿದ್ದರು. ಸಡಿಲಿಸಿದೆ, ಸರಿಹೋಯಿತು. ಅವರ ಮನೆಯಿಂದ ಒಂದು ಡಬ್ಬ ಕೋಡುಬಳೆ ಬಂತು. ರೂಟರ್ ಹಿಂದೆ ಅಮ್ಮನ ಸ್ಟೀಲ್ ತಟ್ಟೆ ನಿಲ್ಲಿಸಿ ಸಿಗ್ನಲ್ ತಿರುಗಿಸುವ ಪ್ರಯೋಗವೂ ಆಯಿತು. ಹಾಲ್‌ನಲ್ಲಿ ಸ್ವಲ್ಪ ಏರಿತು, ಅಡಿಗೆಮನೆಯಲ್ಲಿ ಪೂರ್ತಿ ಹೋಯಿತು, ಅಮ್ಮನ ಧಾರಾವಾಹಿ ನಿಂತಿತು, ತಟ್ಟೆ ವಾಪಸ್ ಹೋಯಿತು. ಈ ಗೋಡೆಗಳಿಗೆ ಲ್ಯಾನ್ ವೈರು ಎಳೆಯುವುದೇ ಸರಿ.

ಕರೆಂಟ್ ಹೋದಾಗ ಮೋಡೆಮ್ ನಡೆಯಲಿ ಅಂತ ಹಳೆ ಯುಪಿಎಸ್‌ನ 12 ವೋಲ್ಟ್ 7 ಎಎಚ್ ಬ್ಯಾಟರಿ ಹಾಕಿದ್ದೆ. ಕಾಗದದ ಮೇಲೆ ಏಳೆಂಟು ಗಂಟೆ ಬರಬೇಕು, ನಾಲ್ಕು ಬಂತು. ಒಂದು ದಿನ ಚಾರ್ಜರ್ ವೈರು ಬಿಸಿಯಾಗಿ ವಾಸನೆ ಬಂತು. ಹೆಂಡತಿ ಮಾತಾಡದೆ ಅದನ್ನು ಹೊರಗಿಟ್ಟಳು. ಈಗ ಅಂಗಡಿಯ ಮಿನಿ ಯುಪಿಎಸ್ ಎರಡು, ಒಂದೊಂದು ಸಾವಿರದ ನಾನೂರು ಇರಬೇಕು. ಎರಡೂವರೆ ಗಂಟೆ ಬರುತ್ತದೆ, ಕ್ಲಾಸಿಗೆ ಹೆಚ್ಚುಕಮ್ಮಿ ಸಾಕು.

ಎರಡು ಲೈನ್ ಸೇರಿಸುವ ರೂಟರಿಗೆ ಮೂರೂವರೆ ಸಾವಿರ. ಒಂದು ಹೋದರೆ ತಾನೇ ಇನ್ನೊಂದಕ್ಕೆ ಹೊರಳುತ್ತದೆ. ಮೊದಲು ನಲವತ್ತು ಸೆಕೆಂಡ್ ತಗೊಳ್ಳುತ್ತಿತ್ತು, ಅಷ್ಟರಲ್ಲಿ ಕ್ಲಾಸ್ ಕಡಿದುಹೋಗುತ್ತಿತ್ತು. ಅದನ್ನು ಐದಾರಕ್ಕೆ ಇಳಿಸಿದ್ದೇನೆ. ಹೇಗೆ ಅಂತ ಸೆಟ್ಟಿಂಗ್ ಕೆದಕಿದರೆ ನಿಮಗೇ ಸಿಗುತ್ತದೆ, ನನಗೆ ಎರಡು ರಾತ್ರಿ ಹಿಡಿಯಿತು.

ಮೂಲೆಯಲ್ಲಿ ಒಂದು ಹಳೆ ರಾಸ್ಬೆರಿ ಪೈ (ಅಂಗೈಯಷ್ಟು ಕಂಪ್ಯೂಟರ್) ನಿಮಿಷಕ್ಕೊಮ್ಮೆ ಎರಡೂ ಲೈನಿಗೆ ಪಿಂಗ್ ಮಾಡಿ ಬರೆದಿಡುತ್ತದೆ. ಮೊದಲ ಮಳೆಗಾಲದ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಮನೆ ಮುಂದಿನ ಲೈನು ಒಟ್ಟು ಮೂವತ್ತು ಗಂಟೆಯ ಹತ್ತಿರ ಸತ್ತಿತ್ತು, ಮನೆ ಹಿಂದಿನದು ಐವತ್ತು ದಾಟಿತ್ತು. ಅಂದರೆ ಎರಡೂ ಮಹಾ ಲೈನುಗಳೇನಲ್ಲ. ಆದರೆ ಎರಡೂ ಒಟ್ಟಿಗೆ ಹೋಗಿದ್ದು ಒಂದೇ ಸಲ, ಒಂಬತ್ತು ನಿಮಿಷ, ಅದೂ ಬೆಳಗಿನ ಜಾವ ನಾಲ್ಕಕ್ಕೆ.

ಈ ಏಪ್ರಿಲ್‌ನಲ್ಲಿ ಇದಕ್ಕೆಲ್ಲ ಪರೀಕ್ಷೆ ನಡೆದೇ ಹೋಯಿತು. ಏಳೂ ಕಾಲು, ಇಂಟಿಗ್ರೇಷನ್ ಮಧ್ಯದಲ್ಲಿದ್ದೆ. ಗಾಳಿ ಮಳೆ, ಮೇನ್ ರೋಡಿನಲ್ಲಿ ದೊಡ್ಡ ಕೊಂಬೆ ಬಿತ್ತು, ಬೀದಿಯೆಲ್ಲ ಕತ್ತಲು. ಮುಂದಿನ ಮೋಡೆಮ್ಮಿನಲ್ಲಿ ಕೆಂಪು ದೀಪ. ಪರದೆ ಒಂದು ಕ್ಷಣ ನಿಂತು ಮತ್ತೆ ನಡೆಯಿತು. ಇಪ್ಪತ್ತಾರು ಮಕ್ಕಳಲ್ಲಿ ಒಬ್ಬಳು ಮಾತ್ರ "ಸಾರ್, ಕೊನೇ ಸ್ಟೆಪ್ ಇನ್ನೊಂದ್ಸಲ" ಅಂದಳು. ಅದು ನೆಟ್ಟಿಗಾ, ಗಣಿತಕ್ಕಾ ಗೊತ್ತಾಗಲಿಲ್ಲ.

ಹಿಂದಿನ ಲೈನಿಗೆ ಈಗ ಅಳಿಲಿನ ಕಾಟ ಶುರುವಾಗಿದೆ, ಕನ್ಸರ್ವೆನ್ಸಿಯ ಸೀಬೆ ಮರದ ಹತ್ತಿರ ಕೇಬಲಿನ ಸಿಪ್ಪೆ ಕಡಿದಿದೆ. ಅಷ್ಟುದ್ದಕ್ಕೆ ಪಿವಿಸಿ ಪೈಪ್ ತೊಡಿಸಬೇಕು. ಅದಕ್ಕೆ ಮೊದಲು ಇಲ್ಲೇ ಮೈಸೂರಿನ ಬೋಗಾದಿಗೆ ಹೋಗಿ ಬರಬೇಕು. ಭಾಮೈದ ಅಲ್ಲಿ ಮನೆ ತಗೊಂಡಿದ್ದಾನೆ, ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸವಂತೆ. ಮೊನ್ನೆ ಫೋನ್ ಮಾಡಿ ಅದೂ ಇದೂ ಮಾತಾಡಿ, ಕೊನೆಗೆ ಮೆಲ್ಲಗೆ ಕೇಳಿದ: "ಭಾವ, ಭಾನುವಾರ ಫ್ರೀ ಇದ್ದೀರಾ? ಬರುವಾಗ ಆ ಮೀಟರ್ ತಗೊಂಡು ಬನ್ನಿ."