ಮೂರನೆಯ ರೈಡ್‌ಗೆ ಮನಸ್ಸನ್ನು ಸಿದ್ಧಗೊಳಿಸುವ ಬಗೆ: ಕಬಡ್ಡಿ ತರಬೇತುದಾರರಿಗೂ ಆಟಗಾರರಿಗೂ

ಕಬಡ್ಡಿಯಲ್ಲಿ ಒಂದು ತಂಡದ ಸತತ ಎರಡು ರೈಡ್‌ಗಳು ಅಂಕವಿಲ್ಲದೆ ಮುಗಿದರೆ ಮೂರನೆಯದು ಡು ಆರ್ ಡೈ ರೈಡ್ ಆಗುತ್ತದೆ. ಅದರಲ್ಲಿಯೂ ಬರಿಗೈಯಲ್ಲಿ ಮರಳಿದ ರೈಡರ್ ಔಟ್ ಆಗುತ್ತಾನೆ, ಎದುರಾಳಿಗೆ ಅಂಕ ಸೇರುತ್ತದೆ. ಅಭ್ಯಾಸದ ವೇಳೆ ರಕ್ಷಣಾ ಸಾಲಿನ ತುದಿಯಲ್ಲಿ ನಿಲ್ಲುವ ಕಾರ್ನರ್ ಆಟಗಾರನನ್ನು ಸಲೀಸಾಗಿ ಮುಟ್ಟಿ ಬರುವ ಹುಡುಗನೇ, ಹೊನಲು ಬೆಳಕಿನ ಪಂದ್ಯಾವಳಿಯಲ್ಲಿ ಈ ರೈಡ್‌ಗೆ ಹೊರಟಾಗ ಇಪ್ಪತ್ತು ಸೆಕೆಂಡು ರೈಡರ್ ದಾಟಲೇಬೇಕಾದ ಗೆರೆಯಾದ ಬಾಕ್ ಲೈನ್ ಬಳಿ ಸುಳಿದಾಡಿ, ಕೊನೆಗೆ ತಾನಾಗಿಯೇ ಎದುರಾಳಿಗಳ ಹಿಡಿತಕ್ಕೆ ನುಗ್ಗುವುದನ್ನು ತರಬೇತುದಾರರೆಲ್ಲರೂ ಕಂಡಿರುತ್ತಾರೆ. ಇದಕ್ಕೆ 'ಗುಂಡಿಗೆ ಸಾಲದು' ಎಂಬ ವಿವರಣೆ ಕೊಟ್ಟು ಸುಮ್ಮನಾಗುವುದು ಆ ಹುಡುಗನಿಗೆ ಮಾಡುವ ಅನ್ಯಾಯ. ಒತ್ತಡದಲ್ಲಿ ಆಡುವುದು ಕಲಿಸಿದರೆ ಬರುವ ವಿದ್ಯೆ. ಆದರೆ ಅದನ್ನು ಪಂದ್ಯದ ಹಿಂದಿನ ರಾತ್ರಿ ಹುರಿದುಂಬಿಸುವ ಮಾತುಗಳಿಂದ ಕಲಿಸಲಾಗದು, ನಿತ್ಯದ ಅಭ್ಯಾಸದಲ್ಲಿ, ಅಂಕಣದ ಮೇಲೆಯೇ ಕಲಿಸಬೇಕು.

ಕಲಿಸುವ ಮುನ್ನ ನೋಡಬೇಕು. ಎರಡು ಮೂರು ವಾರಗಳ ಕಾಲ ಒಂದು ನೋಟ್‌ಬುಕ್ ಹಿಡಿದು, ಪ್ರತಿ ರೈಡರ್‌ನ ಸಾಮಾನ್ಯ ರೈಡ್‌ಗೂ ಮೂರನೆಯ ರೈಡ್‌ಗೂ ಇರುವ ವ್ಯತ್ಯಾಸವನ್ನು ಬರೆದುಕೊಳ್ಳಿ. ಮೂವತ್ತು ಸೆಕೆಂಡುಗಳಲ್ಲಿ ಮೊದಲ ಪ್ರಯತ್ನ ಎಷ್ಟನೆಯ ಸೆಕೆಂಡಿಗೆ ಬಂತು, ಯಾವ ಬದಿಗೆ ಹೋದ, 'ಕಬಡ್ಡಿ ಕಬಡ್ಡಿ' ಎನ್ನುವ ದನಿ ಎಲ್ಲಿ ಸಣ್ಣದಾಯಿತು, ಕಣ್ಣು ಎಲ್ಲಿತ್ತು ಎಂಬಷ್ಟು ಸಾಕು. ಒಬ್ಬನು ಆತುರಪಟ್ಟು ಐದನೆಯ ಸೆಕೆಂಡಿಗೇ ಮೈಮೇಲೆ ಬೀಳುತ್ತಾನೆ, ಇನ್ನೊಬ್ಬನು ಕೊನೆಯವರೆಗೆ ಹಿಂಜರಿಯುತ್ತಾನೆ. ಇಬ್ಬರಿಗೂ ಒಂದೇ ಮದ್ದು ಕೊಟ್ಟರೆ ಒಬ್ಬನಿಗಾದರೂ ಕೆಡುಕಾಗುತ್ತದೆ. ಮೊದಲನೆಯವನಿಗೆ ಶಾಂತವಾಗುವುದನ್ನು, ಎರಡನೆಯವನಿಗೆ ಬೇಗ ನಿರ್ಧರಿಸುವುದನ್ನು ಕಲಿಸಬೇಕಾಗುತ್ತದೆ.

ಉಸಿರಿನ ವಿಷಯಕ್ಕೆ ಕಬಡ್ಡಿಯಲ್ಲಿ ಬೇರೆ ಆಟಗಳಿಗಿಲ್ಲದ ತೂಕವಿದೆ. ಆತಂಕವಾದಾಗ ಉಸಿರಾಟ ಮೇಲ್ಮೇಲೆ, ಬೇಗಬೇಗ ಆಗುತ್ತದೆ. ರೈಡರ್ ಹೀಗೆ ಅರ್ಧ ಉಸಿರಿನಲ್ಲಿ ಮಧ್ಯರೇಖೆ ದಾಟಿದರೆ, ಎಡೆಬಿಡದೆ 'ಕಬಡ್ಡಿ' ಎನ್ನಬೇಕಾದ ನಿಯಮವೇ ಅವನಿಗೆ ಎರಡನೆಯ ಎದುರಾಳಿಯಾಗುತ್ತದೆ. ರೈಡ್‌ನ ನಡುವೆ ಇದನ್ನು ಸರಿಪಡಿಸಲು ಆಗದು. ಗೆರೆ ದಾಟುವ ಮೊದಲೇ ಸರಿಯಾಗಬೇಕು. ಅಲ್ಲಿಯೂ ಸಮಯವಿಲ್ಲ: ಎದುರಾಳಿಯ ರೈಡ್ ಮುಗಿದ ಐದು ಸೆಕೆಂಡುಗಳೊಳಗೆ ನಮ್ಮವರು ಹೊರಡಬೇಕು, ಅದಕ್ಕೂ ಮುಂಚೆ ಈ ರೈಡರ್ ಬಹುತೇಕ ರಕ್ಷಣೆಯ ಸಾಲಿನಲ್ಲಿ ಕೈಹಿಡಿದು ನಿಂತಿರುತ್ತಾನೆ. ಆದುದರಿಂದ ಕೆಲಸವನ್ನು ಎರಡು ಭಾಗ ಮಾಡಿ. ಪ್ರತಿದಿನ ಅಭ್ಯಾಸ ಮುಗಿದ ಮೇಲೆ ಎಲ್ಲರನ್ನೂ ಮಲಗಿಸಿ ಅಥವಾ ಕೂರಿಸಿ, ನಿಮಿಷಕ್ಕೆ ಸುಮಾರು ಆರು ಉಸಿರಿನಂತೆ, ಅಂದರೆ ನಾಲ್ಕು ಎಣಿಸುವವರೆಗೆ ಒಳಕ್ಕೆ, ಆರು ಎಣಿಸುವವರೆಗೆ ಹೊರಕ್ಕೆ, ಐದರಿಂದ ಹತ್ತು ನಿಮಿಷ ಉಸಿರಾಡಿಸಿ. ಹೊಟ್ಟೆ ಏರಿಳಿಯುತ್ತಿದೆಯೇ ಎಂದು ಕೈಯಿಟ್ಟು ನೋಡಿಕೊಳ್ಳಲು ಹೇಳಿ. ಇದು ಕೆಲವು ವಾರಗಳಲ್ಲಿ ಮೈಗೂಡಿದ ಮೇಲೆ, ಅಂಕಣದಲ್ಲಿ ಒಂದೇ ಒಂದು ದೀರ್ಘ ನಿಶ್ವಾಸ, ಅದರ ಹಿಂದೆ ಒಂದು ತುಂಬು ಉಸಿರು ಸಾಕಾಗುತ್ತದೆ. ನಿತ್ಯದ ಅಭ್ಯಾಸವಿಲ್ಲದೆ ಪಂದ್ಯದ ದಿನ 'ಉಸಿರು ತಗೋ' ಎಂದು ಕೂಗಿದರೆ ಪ್ರಯೋಜನವಿಲ್ಲ.

ಐದು ಸೆಕೆಂಡಿನಲ್ಲಿ ಹಿಡಿಸುವ ಕ್ರಮವೊಂದನ್ನು ಪ್ರತಿಯೊಬ್ಬ ರೈಡರ್ ತಾನೇ ಕಟ್ಟಿಕೊಳ್ಳಲಿ. ಆ ಒಂದು ನಿಶ್ವಾಸ, ಎದುರಾಳಿಗಳ ತಲೆಯೆಣಿಕೆ, ತಾನು ಗುರಿಯಿಟ್ಟ ಆಟಗಾರನ ಪಾದದ ಮೇಲೆ ದೃಷ್ಟಿ, ಮನಸ್ಸಿನಲ್ಲಿ ಒಂದು ಪದ: ಇಷ್ಟರೊಳಗೆ ಮುಗಿಯಬೇಕು. ಆ ಪದವನ್ನು ತರಬೇತುದಾರರು ಹೇರಬಾರದು. 'ಕಾರ್ನರ್' ಎಂದೋ 'ಬೋನಸ್' (ಎದುರಾಳಿಯ ಅಂಕಣದ ಬೋನಸ್ ಗೆರೆ ದಾಟಿದರೆ ಸಿಗುವ ಅಂಕ) ಎಂದೋ ಅವನೇ ಆರಿಸಿಕೊಂಡದ್ದು ಅವನಿಗೆ ನಿಲ್ಲುತ್ತದೆ. ಮೂರನೆಯ ರೈಡ್‌ಗೆ ಮಾತ್ರವಲ್ಲದೆ ಪ್ರತಿ ರೈಡ್‌ಗೂ ಇದೇ ಕ್ರಮ ಇರಲಿ, ಇಲ್ಲದಿದ್ದರೆ ಈ ಕ್ರಮವೇ ಅಪಾಯದ ಸೂಚನೆಯಾಗಿ ಬಿಡುತ್ತದೆ.

ಹಿಂಜರಿಯುವ ರೈಡರ್‌ಗೆ ನೆರವಾಗುವುದು ಮುಂಚಿತವಾದ ತೀರ್ಮಾನ. ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೊಲ್ವಿಟ್ಸರ್ ಅವರು, 'ಚೆನ್ನಾಗಿ ಮಾಡುತ್ತೇನೆ' ಎಂಬ ಸಂಕಲ್ಪಕ್ಕಿಂತ 'ಹೀಗಾದರೆ ಹೀಗೆ ಮಾಡುತ್ತೇನೆ' ಎಂಬ ಯೋಜನೆ ಕಾರ್ಯರೂಪಕ್ಕೆ ಬರುವುದು ಹೆಚ್ಚು ಎಂದು ತಮ್ಮ ಅಧ್ಯಯನಗಳಲ್ಲಿ ತೋರಿಸಿದರು. ಕಬಡ್ಡಿಗೆ ಇದು ಹೇಳಿ ಮಾಡಿಸಿದಂತಿದೆ. 'ಎದುರು ಆರು ಅಥವಾ ಏಳು ಮಂದಿ ಇದ್ದು ಕಾರ್ನರ್ ಹಿಂದೆ ನಿಂತಿದ್ದರೆ ಬೋನಸ್‌ಗೆ ಕಾಲು ಚಾಚುತ್ತೇನೆ.' 'ಕಾರ್ನರ್ ಮುಂದೆ ಬಂದರೆ ಅವನ ಕೈಗೆ ಗುರಿಯಿಡುತ್ತೇನೆ.' 'ಮೂವರು ಅಥವಾ ಅದಕ್ಕಿಂತ ಕಡಿಮೆ ಮಂದಿ ಇದ್ದರೆ ಹಿಡಿದರೆ ಅವರಿಗೆ ಹೆಚ್ಚುವರಿ ಅಂಕ ಕೊಡುವ ಸೂಪರ್ ಟ್ಯಾಕಲ್‌ನ ಅಪಾಯವಿರುವುದರಿಂದ ಅಂಚಿನವನನ್ನು ಮಾತ್ರ ಕೆಣಕುತ್ತೇನೆ.' ಇಂತಹ ಮೂರು ವಾಕ್ಯಗಳು ಸಾಕು. ಹತ್ತು ಬರೆಸಿದರೆ ಅಂಕಣದಲ್ಲಿ ಒಂದೂ ನೆನಪಾಗದು. ಬೋನಸ್ ಅಂಕವೂ ಡು ಆರ್ ಡೈ ರೈಡ್ ಅನ್ನು ಉಳಿಸುತ್ತದೆ ಎಂಬುದನ್ನು ಎಳೆಯ ಆಟಗಾರರು ಗಾಬರಿಯಲ್ಲಿ ಮರೆಯುವುದುಂಟು, ಆದ್ದರಿಂದ ಆ ವಾಕ್ಯ ಮೊದಲಿರಲಿ.

ಮನಸ್ಸಿನಲ್ಲಿ ಆಡಿ ನೋಡುವ ಅಭ್ಯಾಸವನ್ನು ಅನೇಕರು ಕಣ್ಣುಮುಚ್ಚಿ ಗೆಲುವನ್ನು ಕಲ್ಪಿಸಿಕೊಳ್ಳುವುದಕ್ಕೆ ಸೀಮಿತಗೊಳಿಸುತ್ತಾರೆ. ಹೋಮ್ಸ್ ಮತ್ತು ಕಾಲಿನ್ಸ್ ಎಂಬ ಸಂಶೋಧಕರು 2001ರಲ್ಲಿ ಮಂಡಿಸಿದ ಮಾದರಿಯ ಪ್ರಕಾರ, ಕಲ್ಪನೆಯು ನಿಜವಾದ ಆಟಕ್ಕೆ ದೇಹಸ್ಥಿತಿ, ಸ್ಥಳ, ವೇಗ, ಭಾವನೆ ಎಲ್ಲದರಲ್ಲಿಯೂ ಹತ್ತಿರವಿರಬೇಕು. ಹಾಗಾಗಿ ಆಟದ ಉಡುಪಿನಲ್ಲಿ, ಮ್ಯಾಟ್‌ನ ಮೇಲೆಯೇ ನಿಂತು, ಗಡಿಯಾರ ಹಿಡಿದು ಪೂರ್ತಿ ಮೂವತ್ತು ಸೆಕೆಂಡು, ಮೆಲುದನಿಯಲ್ಲಿ 'ಕಬಡ್ಡಿ' ಎನ್ನುತ್ತಲೇ ಮಾಡಿಸಿ. ಹಿಮ್ಮಡಿಗೆ ಹಿಡಿತ ಬಿದ್ದು, ನೆಲಕ್ಕುರುಳಿ, ಮಧ್ಯರೇಖೆಗೆ ಬೆರಳು ಚಾಚುವ ಹೊತ್ತನ್ನೂ ಅವನು ಕಲ್ಪಿಸಿಕೊಳ್ಳಲಿ. ಸುಲಭದ ಗೆಲುವನ್ನಷ್ಟೇ ಕಂಡ ಮನಸ್ಸು ಮೊದಲ ಅಡ್ಡಿಗೇ ಕಂಗೆಡುತ್ತದೆ.

ಇನ್ನು ಒತ್ತಡವನ್ನೇ ಅಭ್ಯಾಸಕ್ಕೆ ತರುವುದು. ವಾರಕ್ಕೆ ಒಂದೆರಡು ದಿನ, ಮೈದಣಿದ ಕೊನೆಯ ಹೊತ್ತಿನಲ್ಲಿ, ಮಿಕ್ಕವರೆಲ್ಲ ಅಂಕಣದ ಸುತ್ತ ನಿಂತು ಕೂಗುತ್ತಿರಲಿ, ಸಾಧ್ಯವಾದರೆ ಧ್ವನಿವರ್ಧಕದಲ್ಲಿ ವೀಕ್ಷಕ ವಿವರಣೆಯ ಗದ್ದಲವನ್ನೂ ಹಾಕಿ. ಪ್ರತಿ ರೈಡರ್‌ಗೆ ಒಂದೇ ಅವಕಾಶ, ಫಲಿತಾಂಶ ಫಲಕದ ಮೇಲೆ. 'ಇನ್ನೊಮ್ಮೆ ಮಾಡು' ಎಂಬ ಸೌಲಭ್ಯ ಬೇಡ, ಏಕೆಂದರೆ ಪಂದ್ಯದಲ್ಲಿ ಅದಿಲ್ಲ. ಸೋತವನಿಗೆ ಬಸ್ಕಿಯ ಶಿಕ್ಷೆಯೂ ಬೇಡ. ಹಾಗೆ ಮಾಡಿದರೆ ಅವನು ಕಲಿಯುವುದು ಶಿಕ್ಷೆಯ ಭಯವನ್ನು ಮಾತ್ರ. 2004ರ ಅಥೆನ್ಸ್ ಒಲಿಂಪಿಕ್ಸ್‌ನ ಫೈನಲ್‌ನಲ್ಲಿ ಏಳನೆಯವರಾದ ಏರ್ ರೈಫಲ್ ಶೂಟರ್ ಅಭಿನವ್ ಬಿಂದ್ರಾ, 2008ರಲ್ಲಿ ಬೀಜಿಂಗ್‌ಗೆ ಹೊರಡುವ ಮುನ್ನ ಜರ್ಮನಿಯಲ್ಲಿ ಎತ್ತರದ ಕಂಬವೊಂದನ್ನು ಹತ್ತಿ ತಮ್ಮ ಭಯದ ಜೊತೆಗೇ ಕೆಲಸ ಮಾಡುವುದನ್ನು ರೂಢಿಸಿಕೊಂಡರು, ಬೀಜಿಂಗ್‌ನ ಕೊನೆಯ ಗುಂಡಿಗೆ 10.8 ಪಡೆದು ಚಿನ್ನ ಗೆದ್ದರು. ನಮ್ಮ ಊರಿನ ಹುಡುಗರಿಗೆ ಕಂಬ ಬೇಕಿಲ್ಲ, ತಮ್ಮವರೇ ನೋಡುತ್ತಿರುವಾಗಿನ ಆ ಒಂದು ರೈಡ್ ಸಾಕು.

ಅಂಕಣದ ಹೊರಗಿನಿಂದ ತರಬೇತುದಾರರು ಆಡುವ ಮಾತು ಈ ಎಲ್ಲ ಸಿದ್ಧತೆಯನ್ನು ಉಳಿಸಬಲ್ಲದು, ಕೆಡಿಸಲೂಬಲ್ಲದು. 'ಮೊಣಕಾಲು ಬಗ್ಗಿಸು, ಭುಜ ಇಳಿಸು' ಎಂದರೆ ತಾನಾಗಿ ಆಗುತ್ತಿದ್ದ ಚಲನೆಯನ್ನು ಆಟಗಾರ ಬಿಡಿಬಿಡಿಯಾಗಿ ಗಮನಿಸತೊಡಗುತ್ತಾನೆ, ಚಲನೆ ಅಲ್ಲಿಯೇ ಮುಗ್ಗರಿಸುತ್ತದೆ. ಗಮನ ದೇಹದ ಒಳಗಿಗಿಂತ ಹೊರಗಿನ ಗುರಿಯ ಮೇಲಿದ್ದಾಗ ಆಟ ಚೆನ್ನಾಗಿರುತ್ತದೆ ಎಂಬುದನ್ನು ಗೇಬ್ರಿಯೆಲ್ ವುಲ್ಫ್ ಅವರ ಸಂಶೋಧನೆಗಳು ಹಲವು ಕ್ರೀಡೆಗಳಲ್ಲಿ ತೋರಿಸಿವೆ. 'ಬಲ ಕಾರ್ನರ್ ನೋಡು' ಎಂಬ ಎರಡು ಮೂರು ಪದಗಳು ಸಾಕು. 'ಹಿಡಿಸಿಕೊಳ್ಳಬೇಡ' ಎಂಬ ಮಾತಂತೂ ಹಿಡಿತವನ್ನೇ ಮನಸ್ಸಿಗೆ ತರುತ್ತದೆ.

ಔಟ್ ಆದ ಆಟಗಾರ ಕೂರುವ ಜಾಗದ ಬಗ್ಗೆ ಯಾರೂ ಯೋಚಿಸುವುದಿಲ್ಲ, ನನ್ನ ದೃಷ್ಟಿಯಲ್ಲಿ ಕಬಡ್ಡಿಯ ಮಾನಸಿಕ ತರಬೇತಿಯ ಅರ್ಧ ಭಾಗ ಅಲ್ಲಿಯೇ ನಡೆಯಬೇಕು. ತನ್ನ ತಂಡ ಅಂಕ ಗಳಿಸಿ ತನ್ನನ್ನು ಮತ್ತೆ ಒಳಗೆ ಕರೆಸಿಕೊಳ್ಳುವವರೆಗೆ ಅವನು ಅಸಹಾಯಕನಾಗಿ ಕಾಯುತ್ತಾನೆ, ಮಾಡಿದ ತಪ್ಪನ್ನು ಮತ್ತೆ ಮತ್ತೆ ಮೆಲುಕು ಹಾಕುತ್ತಾನೆ. ಅಲ್ಲಿಗೂ ಒಂದು ಕ್ರಮ ಬೇಕು: ಮೊದಲು ಎರಡು ಮೂರು ನಿಧಾನದ ಉಸಿರು, ನಂತರ 'ಕವರ್ ಆಟಗಾರ ಎಡದಿಂದ ಬಂದ, ನಾನು ನೋಡಲಿಲ್ಲ' ಎಂಬಂತೆ ನಡೆದದ್ದನ್ನು ಹೇಳುವ ಒಂದೇ ವಾಕ್ಯ, ಅನಂತರ ಕಣ್ಣು ಎದುರಾಳಿಯ ಕಾರ್ನರ್ ಜೋಡಿಯ ಮೇಲೆ. ಅವರು ಯಾವ ಕಾಲು ಮುಂದಿಡುತ್ತಾರೆ, ಯಾರು ಮೊದಲು ಜಿಗಿಯುತ್ತಾರೆ ಎಂಬುದನ್ನು ಗಮನಿಸಿ, ಒಳಗೆ ಹೋಗುವಾಗ ತಂಡಕ್ಕೆ ತಿಳಿಸುವ ಹೊಣೆ ಅವನಿಗಿರಲಿ. ಆ ಹೊತ್ತಿನಲ್ಲಿ ತರಬೇತುದಾರರು ಬೈಯುವುದನ್ನು ಪೂರ್ತಿಯಾಗಿ ಬಿಡಬೇಕು. ತಪ್ಪಿನ ಚರ್ಚೆಗೆ ಮರುದಿನದ ಅಭ್ಯಾಸವಿದೆ.

ಎಲ್ಲ ಕುಂದನ್ನೂ ಮನಸ್ಸಿನ ತಲೆಗೆ ಕಟ್ಟಬೇಡಿ. ತೂಕದ ಮಿತಿಗಾಗಿ ಊಟ, ನೀರು ಬಿಟ್ಟ ಆಟಗಾರ ಸಿಡುಕುವುದು, ಗಮನ ತಪ್ಪುವುದು ಹಸಿವಿನ ಮತ್ತು ನೀರಡಿಕೆಯ ಫಲ; ಅದಕ್ಕೆ ಮದ್ದು ವಾರಗಳ ಮೊದಲೇ ಆರಂಭಿಸಿದ ತೂಕದ ಯೋಜನೆ. ಇನ್ನು ನಿದ್ದೆಯಿಲ್ಲದಿರುವುದು, ಆಟದಲ್ಲಿ ಮಾತ್ರವಲ್ಲದೆ ಎಲ್ಲದರಲ್ಲಿಯೂ ಆಸಕ್ತಿ ಹೋಗುವುದು ಎರಡು ವಾರ ಮುಂದುವರಿದರೆ ತರಬೇತುದಾರರ ಕೆಲಸ ಅಲ್ಲಿಗೆ ಮುಗಿದು ವೈದ್ಯರ ಕೆಲಸ ಆರಂಭವಾಗುತ್ತದೆ. ಬದುಕು ಬೇಡವೆನ್ನುವ, ಸಾಯುವ ಮಾತು ಬಂದರೆ ಎರಡು ವಾರವನ್ನೂ ಕಾಯಬಾರದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತವಾಗಿದ್ದು ಹಗಲಿರುಳೂ ತೆರೆದಿರುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು. ಆ ಸಂಖ್ಯೆಯನ್ನು ಅಭ್ಯಾಸದ ವೇಳಾಪಟ್ಟಿಯ ಪಕ್ಕದಲ್ಲಿಯೇ ಗೋಡೆಗೆ ಅಂಟಿಸಿ, ಯಾರು ಯಾವಾಗ ಕರೆ ಮಾಡಿದರೆಂದು ಕೇಳಬೇಡಿ.