ಶುಗರ್ ಇದ್ದವರು ವಸಡು ಉಳಿಸಿಕೊಳ್ಳುವುದು ಹೇಗೆ? ಮನೆಯವರನ್ನು ಕೇಳುವುದರಿಂದ ಶುರು ಮಾಡಿ

‘ನಮ್ಮ ಮನೇಲಿ ಎಲ್ಲರದೂ ಇಷ್ಟೇ, ಐವತ್ತಕ್ಕೆಲ್ಲ ಹಲ್ಲು ಅಲ್ಲಾಡುತ್ತೆ.’ ಹೀಗೆ ಹೇಳಿ ಸುಮ್ಮನಾಗಿಬಿಡುವವರು ಬಹಳ ಮಂದಿ. ಟೈಪ್ 2 ಡಯಾಬಿಟಿಸ್ ಇದ್ದರೆ ಈ ಮಾತನ್ನು ಹಲ್ಲಿನ ಡಾಕ್ಟರ ಮುಂದೆ ಹೇಳಲೇಬೇಕು. ಶುಗರ್ ಇದ್ದವರಿಗೆ ವಸಡಿನ ಕಾಯಿಲೆ ಬರುವ ಸಾಧ್ಯತೆ ಉಳಿದವರಿಗಿಂತ ಎರಡು-ಮೂರು ಪಟ್ಟು ಜಾಸ್ತಿ. ಅದರ ಜೊತೆ ಮನೆತನದ ಒಲವೂ ಸೇರಿದರೆ ಕಾಯುತ್ತಾ ಕೂರುವಂತಿಲ್ಲ.

ಮೊದಲು ಅಪ್ಪ, ಅಮ್ಮ, ಒಡಹುಟ್ಟಿದವರನ್ನು ಕೇಳಿ. ಶುಗರ್ ಯಾರಿಗಿದೆ? ಹಲ್ಲು ಹೋಗಿದ್ದು ಹೇಗೆ? ಹುಳುಕಾಗಿ ಕೀಳಿಸಿದ್ದು ಬೇರೆ, ಹುಳುಕೇ ಇಲ್ಲದ ಹಲ್ಲು ಸಡಿಲವಾಗಿ ಬಿದ್ದಿದ್ದು ಬೇರೆ. ಎರಡನೆಯದಕ್ಕೆ ಸಾಮಾನ್ಯವಾಗಿ ವಸಡಿನ ಕಾಯಿಲೆಯೇ ಕಾರಣ. ಅವರು ಸಿಗರೇಟು ಸೇದುತ್ತಿದ್ದರಾ ಅಂತಲೂ ಕೇಳಿ. ಕೇಳದಿದ್ದರೆ ಹೊಗೆ ಮಾಡಿದ ಹಾನಿಯನ್ನೂ ರಕ್ತಸಂಬಂಧದ ಲೆಕ್ಕಕ್ಕೆ ಬರೆದುಬಿಡುತ್ತೀರಿ.

ಹುಟ್ಟಿನಿಂದ ಬರುವುದು ಎಷ್ಟು? 117 ಜೋಡಿ ಅವಳಿಗಳನ್ನು ಪರೀಕ್ಷಿಸಿದ ಒಂದು ಅಧ್ಯಯನ 2000ರಲ್ಲಿ ಪ್ರಕಟವಾಯಿತು. ವಸಡಿನ ಕಾಯಿಲೆ ಒಬ್ಬರಿಗೆ ಹೆಚ್ಚು, ಇನ್ನೊಬ್ಬರಿಗೆ ಕಡಿಮೆ ಆಗುವುದರಲ್ಲಿ ಸುಮಾರು ಅರ್ಧ ಪಾಲು ವಂಶವಾಹಿಗಳದ್ದು ಎಂದು ಅದು ಅಂದಾಜಿಸಿತು. ಇದು ಯಾವುದೋ ಒಂದೇ ಜೀನ್‌ನ ಕೆಲಸವಲ್ಲ. ಹೆಚ್ಚು ಚರ್ಚೆಯಾಗಿರುವುದು ಇಂಟರ್‌ಲ್ಯೂಕಿನ್-1 ಜೀನ್‌ಗಳು. ಸೋಂಕು ಕಂಡಾಗ ದೇಹ ಎಷ್ಟು ಜೋರಾಗಿ ಉರಿಯೂತ ಎಬ್ಬಿಸಬೇಕು ಎನ್ನುವುದರಲ್ಲಿ ಇವುಗಳ ಕೈಯಿದೆ. ಕೆಲವರ ದೇಹ ಹಲ್ಲಿನ ಬುಡದ ಸ್ವಲ್ಪ ಪಾಚಿಗೂ ವಿಪರೀತ ಸಿಟ್ಟಾಗುತ್ತದೆ. ಆ ಸಿಟ್ಟೇ ಹಲ್ಲು ಹಿಡಿದಿರುವ ಮೂಳೆಯನ್ನು ಕರಗಿಸುತ್ತದೆ. ರಕ್ತದಲ್ಲಿ ಸಕ್ಕರೆ ಏರಿದಾಗಲೂ ಇದೇ ಉರಿಯೂತ ಹೆಚ್ಚುತ್ತದೆ. ಒಂದೇ ಒಲೆಗೆ ಎರಡು ಕಡೆಯಿಂದ ಸೌದೆ ಒಟ್ಟಿದ ಹಾಗೆ, ಅಲ್ವಾ?

ಇದಕ್ಕಾಗಿ ಜೀನ್ ಟೆಸ್ಟ್ ಮಾಡಿಸಬೇಕಿಲ್ಲ. ವರದಿಯಲ್ಲಿ ಏನೇ ಬಂದರೂ ಮಾಡಬೇಕಾದ ಕೆಲಸ ಬದಲಾಗುವುದಿಲ್ಲ.

ಇವತ್ತು ರಾತ್ರಿ ಹಲ್ಲುಜ್ಜಿದ ಮೇಲೆ ಕನ್ನಡಿ ಮುಂದೆ ಕೆಳತುಟಿ ಎಳೆದು ನೋಡಿ. ಉಗಿದ ನೊರೆ ಗುಲಾಬಿ ಬಣ್ಣಕ್ಕಿತ್ತಾ? ವಸಡಿನ ಅಂಚು ಕೆಂಪಗೆ ಊದಿದೆಯಾ? ಹಲ್ಲು ಮೊದಲಿಗಿಂತ ಉದ್ದ ಕಾಣುತ್ತಿದೆಯಾ? ಸಿಗರೇಟು ಸೇದುವವರು ರಕ್ತ ಬರುತ್ತಿಲ್ಲ ಎಂದು ನಿಶ್ಚಿಂತರಾಗಬೇಡಿ. ಹೊಗೆ ಆ ಗುರುತನ್ನೇ ಮುಚ್ಚಿಡುತ್ತದೆ.

ಆಮೇಲೆ ಡಾಕ್ಟರ ಹತ್ತಿರ ಹೋಗಿ. ತಿಂಡಿ ತಿಂದು, ಮಾತ್ರೆ ತಗೊಂಡೇ ಹೋಗಿ. ಕೊನೆಯ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ರಕ್ತಪರೀಕ್ಷೆ) ವರದಿ ಕೈಯಲ್ಲಿರಲಿ. ‘ವಸಡಿನ ಆಳ ಅಳೆಯಿರಿ’ ಎಂದು ಬಾಯಿಬಿಟ್ಟು ಕೇಳಿ. ಮಿಲಿಮೀಟರ್ ಗೆರೆಗಳಿರುವ ತೆಳ್ಳನೆಯ ಕಡ್ಡಿಯನ್ನು ಹಲ್ಲು ಮತ್ತು ವಸಡಿನ ಸಂದಿಗೆ ಮೆಲ್ಲಗೆ ಇಳಿಸುತ್ತಾರೆ. ಒಂದೊಂದು ಹಲ್ಲಿಗೂ ಆರು ಕಡೆ. 3 ಮಿ.ಮೀ. ಒಳಗಿದ್ದರೆ ಸರಿ. 4 ಅಥವಾ ಹೆಚ್ಚಿದ್ದರೆ ವಸಡು ಹಲ್ಲಿನಿಂದ ಬಿಟ್ಟುಕೊಳ್ಳುತ್ತಿರಬಹುದು. ಆ ಅಂಕಿಗಳನ್ನು ಬರೆಸಿಕೊಳ್ಳಿ.

ಕಾಯಿಲೆ ಇದ್ದರೆ ವಸಡಿನ ಕೆಳಗೂ ಕ್ಲೀನಿಂಗ್ ಮಾಡುತ್ತಾರೆ. ಮನೆಯಲ್ಲಿ ದಿನಕ್ಕೆರಡು ಸಲ ಬ್ರಷ್ ಮಾಡಿ, ಹಲ್ಲಿನ ಸಂದಿಗೆ ಪುಟ್ಟ ಬ್ರಷ್ ಬಳಸಿ. ವಸಡಿನ ಕೆಳಗಿನ ಈ ಚಿಕಿತ್ಸೆಯಿಂದ 3-4 ತಿಂಗಳಲ್ಲಿ ಎಚ್‌ಬಿಎ1ಸಿ ಕೂಡ ಸರಾಸರಿ 0.4 ಶೇಕಡಾ ಅಂಶದಷ್ಟು ಇಳಿಯುತ್ತದೆ. ಹಾಗಂತ ಶುಗರ್ ಮಾತ್ರೆ ನೀವೇ ಬಿಡಬೇಡಿ. ಮೂರು ತಿಂಗಳಿಗೆ ವಸಡಿನ ಆಳ ಮತ್ತೆ ಅಳೆಸಿ, ಹಳೆಯ ಚೀಟಿಯ ಪಕ್ಕ ಹೊಸದನ್ನಿಟ್ಟು ನೋಡಿ. 5 ಮಿ.ಮೀ. ಇದ್ದಲ್ಲಿ 3 ಆಗಿದ್ದರೆ, ಫೋನ್ ಮಾಡಿ ಅಕ್ಕನಿಗೋ ತಮ್ಮನಿಗೋ ಹೇಳಿ. ಅವರದೂ ಇದೇ ಮನೆತನದ ವಸಡು.